ಬೆಳ್ಳಿ ಬಣ್ಣ ಹೊಡೆದ ಹೀಟರ್ ಪಟ್ಟಿ

ನಮ್ಮ ಗ್ಯಾರೇಜಿನ ಬೀದಿಯಲ್ಲಿ ನನ್ನನ್ನು ಡೀಸೆಲ್ ಡಾಕ್ಟರ್ ಎಂದು ಕರೆಯುತ್ತಾರೆ. ಈ ಹೆಸರನ್ನು ಜನ ಪ್ರೀತಿಯಿಂದ ಇಟ್ಟರು ಎಂದು ಬಹಳ ಮಂದಿಗೆ ಹೇಳಿದ್ದೇನೆ. ಶುದ್ಧ ಸುಳ್ಳು. ಬೋರ್ಡು ಬರೆಸುವಾಗ ನಾನೇ ಬರೆಸಿದ್ದು. ಹತ್ತು ವರ್ಷ ಬೋರ್ಡಿನ ಮೇಲೆ ಕಂಡದ್ದು ಜನರ ಬಾಯಿಗೆ ಬಂತು, ಅಷ್ಟೆ. ಮೂವತ್ತೊಂದು ವರ್ಷ ಡೀಸೆಲ್ ಎಂಜಿನ್ನುಗಳ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಬದುಕಿದವನು ನಾನು. ಆದರೆ ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ನನ್ನ ಅಕ್ಕನದು. ನಡುನಡುವೆ ನಾನೂ ನುಸುಳುತ್ತೇನೆ. ಎಲ್ಲೆಲ್ಲಿ ಕೆಲಸ ಕೆಟ್ಟಿದೆಯೋ ಅಲ್ಲಲ್ಲಿ ನಾನಿರುತ್ತೇನೆ, ಗುರುತಿಸುವುದು ಕಷ್ಟವಾಗಲಾರದು.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಇಪ್ಪತ್ತೆರಡು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿದಳು. ಬರೀ ಕಾಲರು. ಇಡೀ ಅಂಗಿ ಹೊಲಿಯೋಕೆ ಬರುತ್ತಾ ಎಂದು ಯಾರಾದರೂ ಕೇಳಿದರೆ, "ಕುತ್ತಿಗೆಯಿಂದ ಕೆಳಗೆ ನನ್ನ ಇಲಾಖೆ ಅಲ್ಲ" ಅನ್ನುತ್ತಿದ್ದಳು. ಭಾವ ತಮ್ಮ ಸ್ವಂತ ವ್ಯಾನನ್ನು ಒಂದು ಆಸ್ಪತ್ರೆಗೆ ಬಾಡಿಗೆಗೆ ಬಿಟ್ಟು ತಾವೇ ಓಡಿಸುತ್ತಿದ್ದರು. ವಾರಕ್ಕೆ ಮೂರು ದಿನ ಬೆಳಗಿನ ಜಾವ ಐದು ಜನ ಡಯಾಲಿಸಿಸ್ ರೋಗಿಗಳನ್ನು ಅವರವರ ಮನೆಯಿಂದ ಹತ್ತಿಸಿಕೊಂಡು ಏಳು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಬೇಕು. ಭಾವನ ಕಣ್ಣು ಮಂಜಾಗಿ, ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ವೈದ್ಯರು ಹೇಳಿದಾಗ ನಾವೆಲ್ಲ ವ್ಯಾನು ಮಾರಿಬಿಡಿ ಎಂದೆವು. ಅಕ್ಕ ಮಾರನೆಯ ವಾರ ಡ್ರೈವಿಂಗ್ ಶಾಲೆಗೆ ಸೇರಿದಳು. ಆಗ ಅವಳಿಗೆ ನಲವತ್ತೇಳು.

"ಈ ವಯಸ್ಸಲ್ಲಿ ನಿನಗ್ಯಾಕೆ ಅಕ್ಕ ಇದೆಲ್ಲ?" ಎಂದು ಮೊದಲು ಮೂಗು ಮುರಿದವನು ನಾನೇ.

"ಅಲ್ವೋ, ಇಷ್ಟು ವರ್ಷ ಕಾಲಲ್ಲಿ ಪೆಡಲ್ ತುಳೀತಾ, ಕೈಯಲ್ಲಿ ಬಟ್ಟೆ ತಿರುಗಿಸ್ತಾ, ಕಣ್ಣು ಸೂಜಿ ಮೇಲೆ ಇಟ್ಟಿದ್ದೆ. ಇದರಲ್ಲಿ ಬೇರೆ ಏನಿದೆ?" ಎಂದಳು.

ಬೇರೆ ಏನೂ ಇರಲಿಲ್ಲ ಅಂತ ಕಾಣುತ್ತದೆ. ಹನ್ನೊಂದು ವರ್ಷ ಓಡಿಸಿದಳು, ಒಂದು ಗೀರು ಬೀಳಲಿಲ್ಲ. ಸೀಟಿನ ಮೇಲೆ ಒಂದು ದಿಂಬು ಇಟ್ಟುಕೊಂಡು, ಕೊರಳಿಗೆ ಶಾಲು ಸುತ್ತಿಕೊಂಡು, ಯಾರನ್ನೂ ಹಿಂದೆ ಹಾಕುವ ಆಸೆಯಿಲ್ಲದೆ ಓಡಿಸುವುದು ಅವಳ ರೀತಿ. ಯಾವ ರೋಗಿ ಯಾವ ಮೆಟ್ಟಿಲಲ್ಲಿ ಸುಸ್ತಾಗಿ ನಿಲ್ಲುತ್ತಾರೆ ಎಂಬುದು ಅವಳಿಗೆ ಗೊತ್ತು. ಅವರಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಒಬ್ಬರಿದ್ದರು. ಏಳಕ್ಕೆ ಯಂತ್ರಕ್ಕೆ ಹಾಕಿದರೆ ಹನ್ನೊಂದಕ್ಕೆ ಬಿಡಿಸುತ್ತಾರೆ, ಆಮೇಲೆ ಬೇರೆ ತಂಡ. ಅರ್ಧ ಗಂಟೆ ತಡವಾಗಿ ಹೋದರೆ ಆ ಅರ್ಧ ಗಂಟೆ ಖೋತಾ. ಖೋತಾ ಆದ ದಿನ ಸಂಜೆ ಮೇಷ್ಟ್ರ ಕಾಲು ಊದಿಕೊಂಡು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಅಕ್ಕನಿಗೆ ತಡ ಎಂದರೆ ಗಡಿಯಾರದ ವಿಷಯವಲ್ಲ, ಮೇಷ್ಟ್ರ ಕಾಲಿನ ವಿಷಯ.

ಇಷ್ಟು ಅಕ್ಕನ ಬಗ್ಗೆ. ಇನ್ನು ಕೆಟ್ಟ ಕೆಲಸದ ಬಗ್ಗೆ, ಅಂದರೆ ನನ್ನ ಬಗ್ಗೆ.

ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನ ಹಾಗೆ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ. ಅದು ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡುತ್ತದೆ, ಆ ಬಿಸಿಗೆ ಡೀಸೆಲ್ ಚಿಮ್ಮಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಎಂಜಿನ್ ಕೊರೆಯುತ್ತಿದ್ದರೆ ಆ ಬಿಸಿ ಸಾಲುವುದಿಲ್ಲ. ಅದಕ್ಕೇ ಒಂದೊಂದು ಸಿಲಿಂಡರಿಗೆ ಒಂದೊಂದು ಹೀಟರ್ ಪ್ಲಗ್. ಬೆರಳುದ್ದದ ಕಡ್ಡಿ ಅದು, ಕರೆಂಟು ಕೊಟ್ಟರೆ ತುದಿ ಕೆಂಪಗೆ ಕಾಯುತ್ತದೆ. ಕೀಲಿಯನ್ನು ಅರ್ಧ ತಿರುಗಿಸಿದಾಗ ಮೀಟರ್ ಬೋರ್ಡಿನಲ್ಲಿ ಸುರುಳಿಯ ಚಿತ್ರದ ಹಳದಿ ದೀಪ ಹೊತ್ತುತ್ತದೆ. ಅದು ಆರುವವರೆಗೆ ಕಾದು, ಆಮೇಲೆ ಪೂರ್ತಿ ತಿರುಗಿಸಬೇಕು. ಅಕ್ಕನ ವ್ಯಾನಿಗೆ ನಾಲ್ಕು ಸಿಲಿಂಡರು, ನಾಲ್ಕು ಪ್ಲಗ್ಗು. ನಾಲ್ಕರ ತಲೆಯನ್ನೂ ಜೋಡಿಸಿ ಗೇಣುದ್ದಕ್ಕೂ ಹೆಚ್ಚಿನ ಒಂದು ಲೋಹದ ಪಟ್ಟಿ. ದಪ್ಪ ವಯರು ಬಂದು ಮೊದಲನೆಯ ಪ್ಲಗ್ಗಿನ ನಟ್ಟಿನ ಕೆಳಗೆ ಕೂರುತ್ತದೆ, ಅಲ್ಲಿಂದ ಪಟ್ಟಿಯ ಮೂಲಕ ಉಳಿದ ಮೂರಕ್ಕೆ ಕರೆಂಟು ಹೋಗುತ್ತದೆ.

ಆ ವರ್ಷದ ಬೇಸಿಗೆಯಲ್ಲಿ ವ್ಯಾನಿನ ಫಿಟ್‌ನೆಸ್ ತಪಾಸಣೆ ಇತ್ತು. ತಪಾಸಣೆ ಮಾಡುವವರು ನೋಡುವುದು ಬ್ರೇಕು, ಲೈಟು, ಹೊಗೆ. ನನಗೆ ಅಷ್ಟಕ್ಕೆ ತೃಪ್ತಿಯಿಲ್ಲ. ಬಾನೆಟ್ ಎತ್ತಿದರೆ ನೋಡಿದವರು ಅಬ್ಬಾ ಅನ್ನಬೇಕು! ಹಾಗಾಗಿ ಎಂಜಿನ್ನನ್ನು ತೊಳೆದು, ಒರೆಸಿ, ಬೆಳ್ಳಿ ಬಣ್ಣ ಹೊಡೆದೆ. ಹೀಟರ್ ಪಟ್ಟಿ ಮಾತ್ರ ಯಾಕೆ ಕಪ್ಪಗಿರಬೇಕು ಎಂದು ಅದನ್ನೂ ಬಿಚ್ಚಿ, ಬಣ್ಣದ ಡಬ್ಬಿಯಲ್ಲಿ ಅದ್ದಿ, ಒಣಗಿಸಿ, ಇನ್ನೊಮ್ಮೆ ಅದ್ದಿ, ಮೇಲೆ ಹೊಳಪಿಗೆ ವಾರ್ನಿಷ್ ಕೊಟ್ಟು ಕೂರಿಸಿದೆ. ತಪಾಸಣೆಯ ಅಧಿಕಾರಿ ಬಾನೆಟ್ಟನ್ನೇ ಎತ್ತಿಸಲಿಲ್ಲ. ನಾನೇ ಎತ್ತಿ ತೋರಿಸಿದೆ. ಅವರು "ಹೂಂ" ಅಂದರು. ಅದನ್ನೇ ನಾನು ಹೊಗಳಿಕೆ ಎಂದುಕೊಂಡು ಒಂದು ವಾರ ಬೀಗಿದೆ.

ಬೇಸಿಗೆ ಕಳೆಯಿತು, ಚಳಿ ಬಂತು. ಚಳಿಯ ಮೊದಲ ವಾರವೇ ವ್ಯಾನು ಬೆಳಿಗ್ಗೆ ಕೈಕೊಟ್ಟಿತು. ಸ್ಟಾರ್ಟರು ತಿರುಗುತ್ತದೆ, ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಅಂದು ರೋಗಿಗಳಿಗೆ ಇಪ್ಪತ್ತೈದು ನಿಮಿಷ ತಡ. ಎರಡು ದಿನದ ಮೇಲೆ, ಗುರುವಾರ, ಮತ್ತೆ ನಲವತ್ತು ನಿಮಿಷ ತಡ. ಅಕ್ಕ ಅದೇ ಮಧ್ಯಾಹ್ನ ವ್ಯಾನನ್ನು ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿದಳು.

"ಒಂದೇ ಸಿಲಿಂಡರ್ ಕೆಮ್ಮುತ್ತೆ ಕಣೋ. ಇನ್ನು ಮೂರು ತೆಪ್ಪಗೆ ಕೂತಿರುತ್ತೆ" ಎಂದಳು.

ನಾನು ನಕ್ಕೆ. ಕಾಲರು ಹೊಲಿದವಳು ನನಗೆ ಸಿಲಿಂಡರ್ ಎಣಿಸಿ ಹೇಳುತ್ತಿದ್ದಾಳೆ ಎಂದು ಎದುರಿನ ಟೀ ಅಂಗಡಿಯವನ ಕಡೆ ನೋಡಿ ಕಣ್ಣು ಬೇರೆ ಮಿಟುಕಿಸಿದೆ. ಆಮೇಲೆ ಕೀಲಿ ತಿರುಗಿಸಿದೆ. ವ್ಯಾನು ಒಂದೇ ಸಲಕ್ಕೆ ಹಿಡಿಯಿತು. ಹಿಡಿಯದೆ ಏನು? ಅಷ್ಟು ದೂರ ಓಡಿ ಬಂದು ಬೆವರುತ್ತಿದ್ದ ಎಂಜಿನ್ನು. ಜ್ವರ ಇಳಿದ ಮೇಲೆ ಡಾಕ್ಟರ ಹತ್ತಿರ ಬಂದ ರೋಗಿಯ ಹಾಗೆ ಅದು. ಅಷ್ಟು ನನಗೂ ಗೊತ್ತಿತ್ತು, ಅಷ್ಟೂ ಗೊತ್ತಿಲ್ಲದವನಲ್ಲ ನಾನು. ಅದಕ್ಕೇ "ರಾತ್ರಿ ಇಲ್ಲೇ ಇರಲಿ, ಬೆಳಿಗ್ಗೆ ತಣ್ಣಗಾದ ಮೇಲೆ ನೋಡ್ತೀನಿ" ಎಂದು ಗಂಭೀರವಾಗಿ ಹೇಳಿ ಶೆಡ್ಡಿನೊಳಗೆ ನಿಲ್ಲಿಸಿಕೊಂಡೆ.

ಬೆಳಿಗ್ಗೆ ಆರಕ್ಕೆ ಹೋಗಿ ಕೀಲಿ ತಿರುಗಿಸಿದರೆ ಮತ್ತೆ ಒಂದೇ ಸಲಕ್ಕೆ ಹಿಡಿಯಿತು. ನನ್ನ ಶೆಡ್ಡಿನ ಹಿಂದಿನ ಗೋಡೆಯ ಆಚೆ ಬೇಕರಿ. ಅದರ ಒಲೆ ರಾತ್ರಿಯಿಡೀ ಉರಿಯುತ್ತದೆ. ಚಳಿಗಾಲದಲ್ಲಿ ಬೀದಿಯ ನಾಯಿಗಳೆಲ್ಲ ಬಂದು ಆ ಗೋಡೆಗೆ ಒರಗಿ ಮಲಗುತ್ತವೆ. ನಾಯಿಗಳಿಗೆ ಗೊತ್ತಿರುವ ಈ ವಿಷಯ ಡೀಸೆಲ್ ಡಾಕ್ಟರಿಗೆ ಅಂದು ಬೆಳಿಗ್ಗೆ ಹೊಳೆಯಲಿಲ್ಲ.

ಆದರೂ ಶಾಸ್ತ್ರಬದ್ಧವಾಗಿ ಪರೀಕ್ಷೆ ಮಾಡಿದೆ. ಪಟ್ಟಿ ಬಿಚ್ಚಿ ಬದಿಗಿಟ್ಟೆ. ನಾಲ್ಕು ಪ್ಲಗ್ಗನ್ನೂ ಒಂದೊಂದಾಗಿ ಮೀಟರಿನಲ್ಲಿ ಅಳೆದೆ, ನಾಲ್ಕೂ ಸರಿ. ಬಿಚ್ಚಿ ಬ್ಯಾಟರಿಗೆ ನೇರ ಕೊಟ್ಟೆ, ಐದಾರು ಸೆಕೆಂಡಿನಲ್ಲಿ ನಾಲ್ಕರ ತುದಿಯೂ ಕೆಂಪಗಾಯಿತು. ಪ್ಲಗ್ಗುಗಳಿಗೆ ಕರೆಂಟು ಬಿಡುವ ರಿಲೇ ಟಕ್ ಎಂದಿತು. ವಯರಿನ ತುದಿಯಲ್ಲಿ ಹನ್ನೆರಡು ವೋಲ್ಟು ಬಂತು. ಎಲ್ಲ ಮತ್ತೆ ಜೋಡಿಸಿ, ಮೊದಲನೆಯ ನಟ್ಟಿನ ಮೇಲೆ ಮೀಟರಿನ ಕಡ್ಡಿ ಇಟ್ಟು ನೋಡಿದೆ, ಅಲ್ಲೂ ಬಂತು. ಉಳಿದ ಮೂರನ್ನು ಮುಟ್ಟಲಿಲ್ಲ. ಪಟ್ಟಿ ಎಂದರೆ ಒಂದು ಲೋಹದ ತುಂಡು, ಅದರಲ್ಲಿ ಕೆಡುವುದಕ್ಕೆ ಏನಿದೆ?

ಇಷ್ಟಾಗುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು. ಅಲ್ಲಿ ವಾಹನಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್. ದನಿ ಎತ್ತದ, ನಗದ, ಎಲ್ಲವನ್ನೂ ಬರಹದಲ್ಲಿ ಕೇಳುವ ಮನುಷ್ಯ. "ಎರಡು ಸಲ ತಡ ಆಗಿದೆ. ತೊಂದರೆ ಗಾಡಿಯದಾ, ಇನ್ನೇನಾ ಅಂತ ನಿಮ್ಮ ಗ್ಯಾರೇಜಿಂದ ಒಂದು ಕಾಗದ ಬೇಕು" ಎಂದರು.

ನನ್ನನ್ನು ಕಾಗದ ಕೇಳಿದರು! ಅಭಿಪ್ರಾಯ ಕೇಳಿದರೇ ಉಬ್ಬುವವನು ನಾನು, ಇನ್ನು ಕಾಗದ ಕೇಳಿದರೆ ಕೇಳಬೇಕೇ. ಗ್ಯಾರೇಜಿನ ಹೆಸರು ಅಚ್ಚು ಹಾಕಿಸಿದ್ದ ಹಾಳೆಗಳು ಆರು ವರ್ಷದಿಂದ ಧೂಳು ತಿನ್ನುತ್ತಿದ್ದವು. ಒಂದನ್ನು ತೆಗೆದು ಹೀಗೆ ಬರೆದೆ: "ಸದರಿ ವಾಹನವು ಸರ್ವಾಂಗ ಸುಂದರವಾಗಿದ್ದು, ಎಂಜಿನ್ನಿನಲ್ಲಿ ಯಾವುದೇ ದೋಷವಿರುವುದಿಲ್ಲ. ಚಾಲಕರು ಹೀಟರ್ ದೀಪ ಆರುವವರೆಗೆ ಕಾಯುವ ತಾಳ್ಮೆ ತೋರದಿರುವುದೇ ವಿಳಂಬಕ್ಕೆ ಕಾರಣವೆಂದು ಈ ಮೂಲಕ ದೃಢೀಕರಿಸಲಾಗಿದೆ." ಕೆಳಗೆ ಸಹಿ, ಸಹಿಯ ಮೇಲೆ ಮೊಹರು. ಮೊಹರು ಸ್ವಲ್ಪ ಓರೆಯಾಯಿತೆಂದು ಪಕ್ಕದಲ್ಲಿ ಇನ್ನೊಂದು ಒತ್ತಿದೆ. ಗಾಡಿಗೆ ದೋಷವಿದೆ ಎಂದು ಬರೆದರೆ ಅಕ್ಕನ ಬಾಡಿಗೆ ತಪ್ಪಿ ಹೋಗುತ್ತದೆ, ಹೀಗೆ ಬರೆದು ಅವಳನ್ನು ಉಳಿಸಿದೆ ಎಂಬ ಸಮಾಧಾನವೂ ಜೊತೆಗಿತ್ತು. ಅಕ್ಕನನ್ನು ಒಂದು ಮಾತು ಕೇಳಬೇಕು ಎಂದು ತೋಚಲೇ ಇಲ್ಲ.

ಅಂದು ಶುಕ್ರವಾರ. ಮಧ್ಯಾಹ್ನ ವ್ಯಾನನ್ನು ಅಕ್ಕನ ಮನೆಗೂ ಕಾಗದವನ್ನು ಆಸ್ಪತ್ರೆಗೂ ಮುಟ್ಟಿಸಿದೆ, ಸಂಜೆ ಭಾವ ಫೋನು ಮಾಡಿದರು.

"ಏನಪ್ಪಾ ಬರೆದುಕೊಟ್ಟೆ ಆಸ್ಪತ್ರೆಗೆ?"

"ಗಾಡಿ ಚೆನ್ನಾಗಿದೆ ಅಂತ ಬರೆದೆ ಭಾವ."

"ಅದರ ಕೆಳಗೆ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ಗಾಡಿ ಚೆನ್ನಾಗಿದೆಯಂತೆ, ಅದನ್ನ ಇಟ್ಕೋತಾರಂತೆ" ಎಂದರು ಭಾವ. "ತೊಂದರೆ ಡ್ರೈವರದ್ದಂತೆ. ಮಂಗಳವಾರದಿಂದ ಅವರ ಕಡೆಯ ಹುಡುಗ ಬಂದು ಓಡಿಸ್ತಾನಂತೆ. ನಿನ್ನ ಅಕ್ಕ ನಾಳೆ ಒಂದು ದಿನ ಓಡಿಸಿ ಕೀಲಿ ಕೊಟ್ಟುಬಿಡಬೇಕಂತೆ."

ಬಾಡಿಗೆ ಬರುತ್ತದೆ, ಮನೆಗೆ ಏನೂ ಕಡಿಮೆಯಾಗುವುದಿಲ್ಲ. ಅಕ್ಕನಿಂದ ಹೋಗುತ್ತಿದ್ದದ್ದು ಆ ಸೀಟು ಮಾತ್ರ. ಐವತ್ತೆಂಟು ವರ್ಷದ ಅಕ್ಕನಿಗೆ ಮನೆಯಲ್ಲಿ ಕೂತು ಕಿಟಕಿಯಿಂದ ತನ್ನದೇ ವ್ಯಾನು ಬೇರೆಯವರ ಕೈಯಲ್ಲಿ ಹೊರಡುವುದನ್ನು ನೋಡುವ ಕೆಲಸ ಕೊಡಿಸಿದ್ದೆ ನಾನು. ಅದೂ ಎರಡು ಮೊಹರು ಹಾಕಿ.

ತಕ್ಷಣ ಓಡಿದೆ. ಅಕ್ಕ ಅಂಗಳದಲ್ಲಿ ವ್ಯಾನಿನ ಸೀಟಿನ ಕವರುಗಳನ್ನು ಬಕೆಟ್ಟಿನಲ್ಲಿ ಅದ್ದಿ ಒಗೆಯುತ್ತಿದ್ದಳು. ಮುಖ ಎತ್ತಲಿಲ್ಲ.

"ಅಕ್ಕ, ನಾನು ಗಾಡಿ ಉಳಿಸೋಕೆ ಅಂತ..."

"ಉಳೀತಲ್ಲ. ಒಳಗೆ ಅನ್ನ ಇದೆ, ಊಟ ಮಾಡ್ಕೊಂಡು ಹೋಗು."

ಅಕ್ಕ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಸಿಕೊಳ್ಳುವುದರಲ್ಲಿ ನನಗೆ ಮೊದಲಿಂದಲೂ ಒಳ್ಳೆಯ ಅಭ್ಯಾಸವಿದೆ. ಊಟ ಮಾಡು ಎಂದದ್ದು ಮಾತ್ರ ತಡೆಯಲಾಗಲಿಲ್ಲ. "ದೀಪ ಆರೋವರೆಗೆ ನೀನು ನಿಜವಾಗ್ಲೂ ಕಾಯ್ತೀಯಾ ಅಕ್ಕ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಕ್ಕ ಕವರನ್ನು ಹಿಂಡಿ ಬಕೆಟ್ಟಿಗೆ ಎಸೆದಳು. "ದೀಪ ಆರಿದ ಮೇಲೆ ಇಪ್ಪತ್ತು ಎಣಿಸ್ತೀನಿ. ನೀನು ಹೇಳಿದ್ದಕ್ಕೆ ಅಲ್ಲ, ಗಾಡಿಗೆ ಬೇಕು ಅನ್ನಿಸ್ತು ಅದಕ್ಕೆ. ಭಾನುವಾರ ಬೆಳಿಗ್ಗೆ ಐದಕ್ಕೆ ಬಾ. ನಿನ್ನ ಶೆಡ್ಡಲ್ಲಿ ಅಲ್ಲ, ಇಲ್ಲಿ, ಗಾಡಿ ಮಲಗೋ ಜಾಗದಲ್ಲಿ ನಿಂತು ನೋಡು. ಬರದೆ ಹೋದ್ರೆ ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ."

ಶನಿವಾರದ ಕೊನೆಯ ಸುತ್ತಿಗೆ ಅವಳು ಮೂರೂವರೆಗೆ ಎದ್ದು, ಎಂಜಿನ್ನಿನ ತಲೆಯ ಮೇಲೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಹಾಕಿ ಹಾಕಿ, ಹೇಗೋ ಹೊರಡಿಸಿದಳಂತೆ. ಮೇಷ್ಟ್ರು ಇಳಿಯುವಾಗ "ಮಂಗಳವಾರ ಸಿಗೋಣ" ಎಂದರಂತೆ. ಅಕ್ಕ ಸುಮ್ಮನೆ ತಲೆಯಾಡಿಸಿ ಬಂದಳಂತೆ.

ಭಾನುವಾರ ಐದು ಗಂಟೆಗೆ ಹೋದೆ. ಅಂಗಳ ತೆರೆದ ಜಾಗ, ಮೂರು ಕಡೆಯಿಂದ ಗಾಳಿ. ವ್ಯಾನಿನ ಗಾಜಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಬಾನೆಟ್ ಮುಟ್ಟಿದರೆ ಕೈ ಜುಮ್ಮೆಂದಿತು. ಭಾವ ಕಂಬಳಿ ಹೊದ್ದು ಬಾಗಿಲಲ್ಲಿ ಕೂತಿದ್ದರು. ಅಕ್ಕ ದಿಂಬು ಸರಿಮಾಡಿಕೊಂಡು ಕೂತು ಕೀಲಿಯನ್ನು ಅರ್ಧ ತಿರುಗಿಸಿದಳು. ದೀಪ ಹೊತ್ತಿತು, ಆರಿತು. ಅವಳು ಎಣಿಸಿದಳು, ನನಗೆ ಕೇಳುವಂತೆ, ಒಂದೊಂದನ್ನೂ ಒತ್ತಿ ಹೇಳುತ್ತಾ, ಇಪ್ಪತ್ತರವರೆಗೆ. ಆಮೇಲೆ ಪೂರ್ತಿ ತಿರುಗಿಸಿದಳು.

ಸ್ಟಾರ್ಟರು ತಿರುಗಿತು. ಎಂಜಿನ್ ಕೆಮ್ಮಿತು. ಬಿಳಿ ಹೊಗೆ. ಮತ್ತೆ ಕೆಮ್ಮು. ನಾನು ಕಿವಿಗೊಟ್ಟೆ. ಪ್ರತಿ ಸುತ್ತಿಗೂ ಒಂದು ಕೆಮ್ಮು, ಒಂದೇ ಒಂದು. ಮೂವತ್ತೊಂದು ವರ್ಷದ ನನ್ನ ಕಿವಿ ಕೇಳಿದ್ದನ್ನು ಅಕ್ಕ ಮೂರು ದಿನ ಮೊದಲೇ ನನಗೆ ಬಾಯಿಬಿಟ್ಟು ಹೇಳಿದ್ದಳು. ಅದಕ್ಕೆ ನಾನು ಕಣ್ಣು ಮಿಟುಕಿಸಿದ್ದೆ.

ಟೆಸ್ಟ್ ಲ್ಯಾಂಪು ತೆಗೆದೆ. ಒಂದು ಕಡೆ ಕ್ಲಿಪ್ಪು, ಇನ್ನೊಂದು ಕಡೆ ಮೊನೆ ಇರುವ ಸಣ್ಣ ಬಲ್ಬು ಅದು. ಕ್ಲಿಪ್ಪನ್ನು ಎಂಜಿನ್ನಿಗೆ ಕಚ್ಚಿಸಿ, ಅಕ್ಕನಿಗೆ ಕೀಲಿ ಅರ್ಧ ತಿರುಗಿಸಲು ಹೇಳಿ, ಮೊನೆಯನ್ನು ಮೊದಲನೆಯ ಪ್ಲಗ್ಗಿನ ತಲೆಗೆ ಇಟ್ಟೆ. ಬಲ್ಬು ಉರಿಯಿತು.

"ನೋಡು, ಕರೆಂಟು ಬರ್ತಿದೆ" ಎಂದೆ.

"ಉಳಿದ ಮೂರಕ್ಕೆ?"

"ಅದೇ ಪಟ್ಟಿ, ಅದೇ ಕರೆಂಟು ಅಕ್ಕ."

"ಮುಟ್ಟಿಸಿ ನೋಡೋಕೆ ನಿನ್ನ ಗಂಟೇನು ಹೋಗುತ್ತೆ?"

ಮುಟ್ಟಿಸಿದೆ. ಎರಡನೆಯ ಪ್ಲಗ್ಗಿನ ತಲೆಯಲ್ಲಿ ಬಲ್ಬು ಉರಿಯಲಿಲ್ಲ. ಮೂರರಲ್ಲಿ ಇಲ್ಲ. ನಾಲ್ಕರಲ್ಲೂ ಇಲ್ಲ. ಪಟ್ಟಿ ಬಿಚ್ಚಿ ಭಾವನ ಹತ್ತಿರದ ದೀಪದ ಕೆಳಗೆ ಹಿಡಿದೆ. ಆಹಾ, ಏನು ಹೊಳಪು! ಮೇಲೆ, ಕೆಳಗೆ, ತೂತಿನ ಅಂಚಿನಲ್ಲಿ, ಎಲ್ಲೂ ಒಂದಿಷ್ಟು ಬಿಡದೆ ಎರಡು ಸುತ್ತು ಬಣ್ಣ, ಅದರ ಮೇಲೆ ವಾರ್ನಿಷ್. ಕರೆಂಟು ಮೊದಲ ಪ್ಲಗ್ಗಿಗೆ ನಟ್ಟಿನಿಂದ ನೇರವಾಗಿ ಇಳಿಯುತ್ತಿತ್ತು. ಅಲ್ಲಿಂದ ಪಟ್ಟಿಗೆ ಹತ್ತಲು ದಾರಿಯೇ ಇರಲಿಲ್ಲ. ಬೇಸಿಗೆಯಲ್ಲಿ ಹೀಟರಿನ ಕೆಲಸವೇ ಬೀಳಲಿಲ್ಲವಾದ್ದರಿಂದ ಯಾರಿಗೂ ತಿಳಿಯಲಿಲ್ಲ. ಶೆಡ್ಡಿನಲ್ಲಿ ಪಟ್ಟಿ ಬಿಚ್ಚಿಟ್ಟು ಪ್ಲಗ್ಗುಗಳನ್ನು ಅಳೆದೆನಲ್ಲ, ಆಗ ಕಳ್ಳನನ್ನು ಕೈಯಾರೆ ಬದಿಗೆ ಕೂರಿಸಿ ಉಳಿದವರನ್ನೆಲ್ಲ ವಿಚಾರಣೆ ಮಾಡಿದ್ದೆ.

ಬರೀ ತಾಮ್ರದ ತಂತಿಯನ್ನು ನಾಲ್ಕು ತಲೆಗೂ ಸುತ್ತಿ ನಟ್ಟು ಬಿಗಿದೆ. ಅಕ್ಕ ಕೀಲಿ ತಿರುಗಿಸಿದಳು, ದೀಪ ಆರಿತು, ಎಂಜಿನ್ ಗುರ್ರೆಂದು ಹಿಡಿಯಿತು. ಇಪ್ಪತ್ತು ಎಣಿಸುವ ಅಗತ್ಯವೇ ಬೀಳಲಿಲ್ಲ. ಅಕ್ಕ ಇಳಿದು ಬಂದು ನನ್ನ ಕೈಯಲ್ಲಿದ್ದ ಪಟ್ಟಿಯನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಚೆನ್ನಾಗಿ ಹೊಡೆದಿದ್ದೀಯ ಬಣ್ಣ" ಎಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ನನ್ನಂಥವರಿಗೆ ಅಷ್ಟು ಸುಲಭದ ದಾರಿ ಸಿಗುವುದಿಲ್ಲ.

ಸೋಮವಾರ ಎರಡನೆಯ ಕಾಗದ ಬರೆದೆ. ಮೊದಲನೆಯದು ಹತ್ತು ನಿಮಿಷದಲ್ಲಿ ಮುಗಿದಿತ್ತು. ಇದಕ್ಕೆ ಬೆಳಗಿನಿಂದ ಮಧ್ಯಾಹ್ನದವರೆಗೆ ಏಳು ಹಾಳೆ ಹಾಳಾದವು. "ತಾಂತ್ರಿಕ ಕಾರಣಗಳಿಂದ" ಎಂದು ಬರೆದೆ, ಹೊಡೆದು ಹಾಕಿದೆ. "ಪಟ್ಟಿಯಲ್ಲಿ ಉಂಟಾದ ಅಡಚಣೆಯಿಂದ" ಎಂದು ಬರೆದೆ. ಅಡಚಣೆ ತಾನಾಗಿ ಉಂಟಾಯಿತೇನಪ್ಪಾ ಡಾಕ್ಟರೇ ಎಂದು ನನ್ನನ್ನೇ ಕೇಳಿಕೊಂಡು ಅದನ್ನೂ ಹೊಡೆದೆ. ಕೊನೆಗೆ, "ತಪ್ಪು ನನ್ನದು. ನಾನು ಬಣ್ಣ ಬಳಿದು ಕೆಡಿಸಿದೆ, ಸರಿಯಾಗಿ ನೋಡದೆ ಡ್ರೈವರ ಮೇಲೆ ಹಾಕಿದೆ. ಅವರ ತಪ್ಪು ಏನೂ ಇಲ್ಲ" ಎಂದು ಮೂರು ಸಾಲು ಉಳಿಯಿತು. ಮೊಹರು ಒಂದೇ ಹಾಕಿದೆ.

ಸೂಪರ್‌ವೈಸರ್ ಅದನ್ನು ಎರಡು ಸಲ ಓದಿದರು. ಡ್ರಾಯರಿನಿಂದ ಹಳೆಯ ಕಾಗದವನ್ನೂ ತೆಗೆದು ಪಕ್ಕದಲ್ಲಿಟ್ಟರು.

"ಹೋದ ವಾರ ಬರೆದದ್ದು ನಿಜಾನಾ, ಈ ವಾರ ಬರೆದದ್ದು ನಿಜಾನಾ?"

"ಈ ವಾರದ್ದು ಸಾರ್."

"ಅದನ್ನ ಬರೆದಿದ್ದು ಯಾರು?"

"ನಾನೇ ಸಾರ್."

"ಇದನ್ನ?"

"ಇದನ್ನೂ ನಾನೇ."

"ಆ ಡ್ರೈವರಮ್ಮ ನಿಮಗೇನಾಗಬೇಕು?"

"ಅಕ್ಕ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಅಕ್ಕನ ಕೆಲಸ ಹೋಗುತ್ತೆ ಅಂತ ನೀವು ತಪ್ಪು ಮೈಮೇಲೆ ಹಾಕ್ಕೊಳ್ತಿದ್ದೀರಿ. ನಿಮ್ಮ ಒಳ್ಳೆತನ ಅರ್ಥ ಆಗುತ್ತೆ. ಆದರೆ ಇದನ್ನ ನಂಬಿ ರೋಗಿಗಳ ಸಮಯದ ಜೊತೆ ಆಟ ಆಡೋಕಾಗಲ್ಲ."

ಒಳ್ಳೆತನ! ಐವತ್ತೆರಡು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಒಳ್ಳೆಯವನೆಂದು ಬಾಯಿತುಂಬ ಹೇಳಿದರು, ಅದೂ ನಾನು ನಿಜ ಹೇಳಿದೆ ಎಂಬುದನ್ನು ನಂಬಲಾಗದೆ. ಕೊಚ್ಚಿಕೊಂಡು ಬರೆದದ್ದನ್ನು ತಲೆಯಾಡಿಸಿ ನಂಬಿದ್ದ ಮನುಷ್ಯ, ಮಾನ ಬಿಟ್ಟು ಬರೆದದ್ದನ್ನು ನಂಬಲು ತಯಾರಿಲ್ಲ. ಕಾಲು ಹಿಡಿಯುವುದೊಂದು ಬಾಕಿ. ನಾಳೆ ಬೆಳಿಗ್ಗೆ ಐದಕ್ಕೆ ಅಂಗಳಕ್ಕೆ ಬನ್ನಿ, ನಿಮ್ಮ ಡ್ರೈವರನ್ನೂ ಕರೆದುಕೊಂಡೇ ಬನ್ನಿ, ಕಣ್ಣಾರೆ ನೋಡಿ ಆಮೇಲೆ ಏನು ಬೇಕಾದರೂ ಮಾಡಿ ಎಂದು ಗೋಗರೆದೆ. ಪುಸ್ತಕದಲ್ಲಿ ಐದು ಗಂಟೆ ಎಂದು ಬರೆದುಕೊಂಡು ಒಪ್ಪಿದರು.

ಮಂಗಳವಾರ ಐದು ಗಂಟೆ. ಸೂಪರ್‌ವೈಸರ್ ಕೈಯಲ್ಲಿ ಪುಸ್ತಕ ಹಿಡಿದು ಬಂದರು. ಹಿಂದೆ ಹೊಸ ಡ್ರೈವರ್, ಕೈ ಉಜ್ಜಿಕೊಳ್ಳುತ್ತಾ. ನಾನು ನಾಲ್ಕಕ್ಕೇ ಬಂದು ತಂತಿ ಬಿಚ್ಚಿ ಬೆಳ್ಳಿ ಬಣ್ಣದ ಪಟ್ಟಿಯನ್ನು ಮತ್ತೆ ಕೂರಿಸಿದ್ದೆ. ಕೂರಿಸಿದ ಮೇಲೆ ಭಯ ಶುರುವಾಯಿತು. ನಟ್ಟು ಬಿಗಿಯುವಾಗ ಎಲ್ಲಾದರೂ ಬಣ್ಣ ಕಿತ್ತು ಕರೆಂಟು ಹತ್ತಿಬಿಟ್ಟರೆ? ಗಾಡಿ ಹಿಡಿದುಬಿಟ್ಟರೆ? ಬದುಕಿಡೀ ದೇವರೇ ಸ್ಟಾರ್ಟ್ ಆಗಲಿ ಎಂದು ಬೇಡಿಕೊಂಡವನು ಅಂದು ಮೊದಲ ಬಾರಿಗೆ ದೇವರೇ ಸ್ಟಾರ್ಟ್ ಆಗದಿರಲಿ ಎಂದು ಬೇಡಿಕೊಂಡೆ. ಅಕ್ಕನ ಮುಖ ನೋಡಿದೆ. ಅವಳು ಮಾಮೂಲಿನಂತೆ ಶಾಲು ಸುತ್ತಿಕೊಂಡಳು, ಬಿಚ್ಚಿ ಮತ್ತೆ ಸುತ್ತಿಕೊಂಡಳು.

ಕೀಲಿ ಅರ್ಧ ತಿರುಗಿತು. ದೀಪ ಆರುವುದನ್ನು ಸೂಪರ್‌ವೈಸರ್ ಕಿಟಕಿಯಲ್ಲಿ ಬಗ್ಗಿ ನೋಡಿದರು. ಅಕ್ಕ ಇಪ್ಪತ್ತು ಎಣಿಸಿ ತಿರುಗಿಸಿದಳು. ಕೆಮ್ಮು, ಬಿಳಿ ಹೊಗೆ, ಕೆಮ್ಮು. ಹಿಡಿಯಲಿಲ್ಲ. ಹೊಸ ಡ್ರೈವರ್ "ನಾನೊಂದು ಸಲ ನೋಡ್ಲಾ ಸಾರ್?" ಎಂದ. ಅಕ್ಕ ಇಳಿದು ಜಾಗ ಬಿಟ್ಟಳು. ಅವನು ಎರಡು ಸಲ, ಮೂರು ಸಲ ಪ್ರಯತ್ನಿಸಿದ, ಪೆಚ್ಚುಮೋರೆ ಹಾಕಿಕೊಂಡು ಇಳಿದ. ಅವನ ಪೆಚ್ಚುಮೋರೆ ನೋಡಿ ನನಗೆ ಎಷ್ಟು ಖುಷಿಯಾಯಿತೆಂದು ಹೇಳಲು ನಾಚಿಕೆಯಾಗುತ್ತದೆ.

ನಾನು ಟೆಸ್ಟ್ ಲ್ಯಾಂಪು ಹಿಡಿದು ನಾಲ್ಕು ತಲೆಗೂ ಒಂದೊಂದಾಗಿ ಮುಟ್ಟಿಸಿ ತೋರಿಸಿದೆ. ಒಂದು ಉರಿಯಿತು, ಮೂರು ಇಲ್ಲ. ಪಟ್ಟಿ ಬಿಚ್ಚಿ ಸೂಪರ್‌ವೈಸರ್ ಕೈಗೆ ಕೊಟ್ಟು, ಹೊಸದಾಗಿ ತಂದಿದ್ದ ಬರಿಯ ಪಟ್ಟಿಯನ್ನು ಹಾಕಿದೆ. ಅಕ್ಕ ಹತ್ತಿ ಕೂತಳು. ದೀಪ ಆರಿತು. ಎಂಜಿನ್ ಒಂದೇ ಏಟಿಗೆ ಹಿಡಿದು, ಅಷ್ಟು ಹೊತ್ತು ಉರಿಯದೆ ಉಳಿದಿದ್ದ ಡೀಸೆಲನ್ನೆಲ್ಲ ಒಂದು ದೊಡ್ಡ ಬಿಳಿ ಮೋಡವಾಗಿ ಹಿಂದೆ ನಿಂತಿದ್ದ ಸೂಪರ್‌ವೈಸರ್ ಮೇಲೆ ಬಿಟ್ಟಿತು.

ಅವರು ಕೆಮ್ಮುತ್ತಾ ಹೊರಬಂದರು. ಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿದರು. ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟು ನಿಧಾನವಾಗಿ ಬರೆದರು. ಬರೆದದ್ದನ್ನು ಓದಿಯೂ ಹೇಳಿದರು: ಡ್ರೈವರ್ ಮುಂದುವರಿಯಬಹುದು. ಇನ್ನು ಮುಂದೆ ಈ ವಾಹನದ ರಿಪೇರಿ ಕೆಲಸ ಈಗಿನ ಗ್ಯಾರೇಜಿನಲ್ಲಿ ಮಾಡಿಸತಕ್ಕದ್ದಲ್ಲ.

"ಒಪ್ಪಿಗೆ ಇದ್ರೆ ಇಲ್ಲಿ ಸಹಿ ಹಾಕಿ ಅಮ್ಮ" ಎಂದರು.

ನಾನು ಅಕ್ಕನ ಕಡೆ ನೋಡಿದೆ. ನಮ್ಮವನೇ ಸಾರ್, ಇದೊಂದು ಸಲ ಬಿಟ್ಟುಬಿಡಿ ಅನ್ನುತ್ತಾಳೆ ಎಂದುಕೊಂಡೆ. ಒಂದು ಕ್ಷಣ 'ಏನೋ, ಏನು ಮಾಡಲಿ' ಎನ್ನುವಂತೆ ನನ್ನ ಮುಖವನ್ನಾದರೂ ನೋಡುತ್ತಾಳೆ ಎಂದುಕೊಂಡೆ. ಅಕ್ಕ ಇಳಿದು ಬಂದು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಅಕ್ಷರ ಸ್ವಲ್ಪವೂ ನಡುಗಲಿಲ್ಲ.

ಸೂಪರ್‌ವೈಸರ್ ಹೊಸ ಡ್ರೈವರನ್ನು ಕರೆದುಕೊಂಡು ಹೋದರು. ಅಂಗಳದಲ್ಲಿ ನಾನು, ಅಕ್ಕ, ಓಡುತ್ತಿರುವ ಎಂಜಿನ್ನು.

"ಒಂದು ಸಲ ಯೋಚನೆ ಆದ್ರೂ ಮಾಡಬಹುದಿತ್ತಲ್ಲ ಅಕ್ಕ, ಸಹಿ ಹಾಕೋಕೆ ಮುಂಚೆ" ಎಂದೆ.

"ನೀನು ಮಾಡಿದ್ಯಾ?"

ಅಕ್ಕ ಹತ್ತಿ ಕೂತು ದಿಂಬು ಸರಿಮಾಡಿಕೊಂಡಳು.

"ಗಾಡಿ ಕೆಡಿಸಿದ್ದಕ್ಕೆ ನನಗೆ ಬೇಜಾರಿಲ್ಲ" ಎಂದಳು ಅಕ್ಕ, ಬಾಗಿಲು ಎಳೆದುಕೊಳ್ಳುತ್ತಾ. "ಕೈಯಲ್ಲಿ ಕೆಲಸ ಮಾಡೋರು ಕೆಡಿಸ್ತಾರೆ, ನಾನೂ ಎಷ್ಟೋ ಕಾಲರು ಕೆಡಿಸಿದ್ದೀನಿ. ಹನ್ನೊಂದು ವರ್ಷ ನೀನು ನನ್ನ ಪಕ್ಕ ಕೂತು ಓಡಾಡಿದ್ದೀಯ. ನನಗೆ ತಾಳ್ಮೆ ಇಲ್ಲ ಅಂತ ಹೇಗೋ ಬರೆದೆ?"

ನಾನು ವ್ಯಾನಿನ ನೇರ ಮುಂದೆ ನಿಂತಿದ್ದೇನೆ ಎಂಬುದೂ ತಿಳಿಯಲಿಲ್ಲ.

"ದಾರಿ ಬಿಡು. ಮೇಷ್ಟ್ರು ಕಾಯ್ತಿರ್ತಾರೆ."

ಪಕ್ಕಕ್ಕೆ ಸರಿದೆ. ಅಂದು ಎಲ್ಲರೂ ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಆಸ್ಪತ್ರೆ ಸೇರಿದರಂತೆ. ನನಗೆ ಫೋನು ಮಾಡಿ ಅದನ್ನು ಹೇಳಿದ್ದು ಭಾವ, ಅಕ್ಕ ಅಲ್ಲ.